ಕುರ್ಚಿ ಸೇರಿ ಎಂಬತ್ತೆರಡು

ಸೋಮವಾರ ಬೆಳಿಗ್ಗೆ ಆರೂಕಾಲಿಗೆ ಜಿಮ್ಮಿನ ಮೂಲೆಯ ತೂಕದ ಯಂತ್ರದ ಮೇಲೆ ಬರಿಗಾಲಲ್ಲಿ ನಿಂತು ಐವತ್ತೇಳು ಕಿಲೋ ನಾನೂರು ಗ್ರಾಂ ಎಂಬ ಅಂಕಿಯನ್ನು ಕಂಡಾಗ, ಅವನಿಗೆ ಮೊದಲು ಹೊಳೆದದ್ದು ಈ ಯಂತ್ರಕ್ಕೆ ಇಲಾಖೆಯ ಮುದ್ರೆ ಬಿದ್ದು ಎಷ್ಟು ವರ್ಷವಾಗಿರಬಹುದು ಎಂಬ ಪ್ರಶ್ನೆ. ಬಗ್ಗಿ ನೋಡಿದ. ಮುದ್ರೆ ಇರಲೇ ಇಲ್ಲ. ಇಪ್ಪತ್ತಾರು ವರ್ಷದಿಂದ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಾಗಿ ಕಂಡವರ ತಕ್ಕಡಿಗಳ ಹೊಟ್ಟೆ ಬಗೆದು, ಐದು ಗ್ರಾಂ ಕಳ್ಳತನಕ್ಕೂ ಮುಖ ಗಂಟಿಕ್ಕುತ್ತ ಬಂದವನು, ತನ್ನನ್ನು ಮಾತ್ರ ಹೇಳುವವರು ಕೇಳುವವರಿಲ್ಲದ ಒಂದು ಯಂತ್ರ ವಾರಕ್ಕೊಮ್ಮೆ ನಾಲ್ಕು ಜನರೆದುರು ಅವಮಾನಿಸಲು ಬಿಟ್ಟುಕೊಂಡಿದ್ದ. ಬೇಕೆಂದರೆ ನಿಂತ ಕಾಲಲ್ಲೇ ನೋಟಿಸು ಬರೆಯಬಹುದಿತ್ತು. ಆದರೆ ಚಡ್ಡಿಯಲ್ಲಿ ನಿಂತು ನೋಟಿಸು ಬರೆದವರು ಇಲಾಖೆಯ ಚರಿತ್ರೆಯಲ್ಲಿ ಯಾರೂ ಇರಲಿಲ್ಲ.

"ಹೋದ ವಾರಕ್ಕಿಂತ ಮುನ್ನೂರು ಗ್ರಾಂ ಕಮ್ಮಿ," ಎಂದಳು ತರಬೇತುಗಾರ್ತಿ. ಒಂದು ಕಾಲದಲ್ಲಿ ಭಾರ ಎತ್ತುವ ಸ್ಪರ್ಧೆಗಳಲ್ಲಿ ಗೆದ್ದವಳು. ಮಂಡಿ ಹೋಗಿತ್ತು, ಗಂಟಲು ಹೋಗಿರಲಿಲ್ಲ. "ಏನ್ ಸರ್, ತಿಂತಿದೀರಾ, ಇಲ್ಲಾ ತಿಂದೆ ಅಂತ ಬರೀ ಬರ್ಕೊಂಡು ಬರ್ತಿದೀರಾ?"

"ಈ ಮಷೀನು ಸರಿ ಇಲ್ಲ ಅನ್ಸುತ್ತೆ."

"ನನಗೆ ಜಾಸ್ತಿ ತೋರ್ಸಿ ನಿಮಗೆ ಕಮ್ಮಿ ತೋರ್ಸೋಕೆ ಇದು ಮಷೀನು ಸರ್, ಅತ್ತೆ ಅಲ್ಲ."

ಹಿಂದೆ ಯಾರೋ ನಕ್ಕರು. ಅವನೂ ನಗಬೇಕಾಯಿತು, ತನ್ನನ್ನೇ ಕುರಿತ ನಗೆಯಲ್ಲಿ ತಾನೂ ಸೇರಿಕೊಂಡುಬಿಟ್ಟರೆ ಅರ್ಧ ಮಾನ ಉಳಿಯುತ್ತದೆ ಎಂಬುದನ್ನು ಅವನು ಐದನೇ ಕ್ಲಾಸಿನಲ್ಲಿ, ಇಡೀ ಶಾಲೆ ಅವನನ್ನು 'ಕಡ್ಡಿ' ಎಂದು ಕರೆಯುತ್ತಿದ್ದಾಗಲೇ ಕಲಿತಿದ್ದ. ಅವಳು ಮಾತ್ರ ನಗಲಿಲ್ಲ. "ಕಬ್ಬಿಣ ಎತ್ತೋದು ದೊಡ್ಡ ಕೆಲಸ ಅಲ್ಲ ಸರ್. ಎತ್ತಿ ಮನೆಗೆ ಹೋದ್ಮೇಲೆ ಮೈ ಕೇಳುತ್ತೆ, ಕೊಡು ಅಂತ. ಮೊಟ್ಟೆ ಕೊಡಿ, ಬೇಳೆ ಕೊಡಿ, ಹಾಲು ಕೊಡಿ, ಅನ್ನ ಕೊಡಿ. ನೀವು ಕೊಡ್ಲಿಲ್ಲ ಅಂದ್ರೆ ಅದೇನು ಉಪವಾಸ ಕೂರಲ್ಲ, ನಿಮ್ಮನ್ನೇ ತಿನ್ನುತ್ತೆ. ಈಗ ಅದೇ ಆಗ್ತಿರೋದು. ಇಲ್ಲಿಗೆ ಬಂದು ನೀವು ಬಲ ಬೆಳೆಸ್ತಿಲ್ಲ, ಇರೋದನ್ನ ಕರಗಿಸ್ತಿದೀರಾ. ನಿಮಗೆ ಬೇಕಾದ್ದು ತೂಕ ಇಳಿಸದೆ ಶಕ್ತಿ. ಹಸಿವಾಗೋವರೆಗೆ ಕಾಯ್ಬೇಡಿ ಅಂತ ಎಷ್ಟು ಸಲ ಹೇಳಿದೀನಿ?" ಹದಿನಾರು ವಾರದಿಂದ, ವಾರಕ್ಕೊಮ್ಮೆಯಂತೆ, ಹದಿನಾರು ಸಲ ಹೇಳಿದ್ದಳು. ಲೆಕ್ಕದ ಮನುಷ್ಯನಾದ್ದರಿಂದ ಅದು ಅವನಿಗೆ ನೆನಪಿತ್ತು. ಹಸಿವಾಗದೆ ತಿನ್ನುವುದು ಹೇಗೆಂಬುದು ಮಾತ್ರ ತಿಳಿದಿರಲಿಲ್ಲ. ಹಸಿವಾದಾಗಲೂ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿ ತುತ್ತೆತ್ತುವ ಜಾತಿ ಅವನದು. ನಾಲ್ಕು ತಿಂಗಳ ಹಿಂದೆ ಆ ಬೆಳಗ್ಗೆ ಅಪ್ಪನನ್ನು ಬೀಳಿಸದೆ ಇದ್ದಿದ್ದರೆ ಅವನು ಈ ಹೊಸ್ತಿಲನ್ನು ತುಳಿಯುತ್ತಲೇ ಇರಲಿಲ್ಲ.

ಬೀಳಿಸಿದ ಎಂದು ಯಾರೂ ಹೇಳಿರಲಿಲ್ಲ. ಅಪ್ಪ ಬಿದ್ದರು ಎಂದೇ ಎಲ್ಲರೂ ಹೇಳುತ್ತಿದ್ದರು; ವ್ಯಾಕರಣದ ಈ ಉಪಕಾರಕ್ಕೆ ಅವನು ಮನಸ್ಸಿನಲ್ಲೇ ಕೃತಜ್ಞನಾಗಿದ್ದ. ಮೂವತ್ತೈದು ವರ್ಷ ಬಸ್ಸು ಓಡಿಸಿದ ಅಪ್ಪ, ಎಡಗೈ ಎಡಗಾಲು ಸ್ವಾಧೀನ ತಪ್ಪಿ ಆಸ್ಪತ್ರೆಯಿಂದ ಬಂದಾಗ ಎಂಬತ್ತೆರಡು ಕಿಲೋ ಇದ್ದರು. ಹಾಸಿಗೆಯಿಂದ ಗಾಲಿಕುರ್ಚಿಗೆ ದಿನಕ್ಕೆ ನಾಲ್ಕು ಸಲ ಕೂರಿಸಬೇಕು. ಕಂಕುಳಡಿ ಕೈಹಾಕಿ, ಒಂದು ಎರಡು ಮೂರು ಎಂದು ಎತ್ತಿ, ಅರ್ಧ ಸುತ್ತು ತಿರುಗಿಸಿ ಇಳಿಸಬೇಕು. ಆ ದಿನ ಮೂರು ಎನ್ನುವುದರೊಳಗೆ ಅವನ ಸೊಂಟ ಸಣ್ಣದೊಂದು ಸದ್ದು ಮಾಡಿತು. ಅಪ್ಪ ನಿಧಾನವಾಗಿ, ಒಂದು ರೀತಿಯ ಗಾಂಭೀರ್ಯದಿಂದ, ಅವನ ತೋಳುಗಳ ನಡುವಿನಿಂದ ಜಾರಿ ನೆಲ ಸೇರಿದರು. ನೆಲದಲ್ಲಿ ಕೂತೇ "ಏನಾಗಿಲ್ಲ, ಏನಾಗಿಲ್ಲ" ಎಂದರು, ಬಸ್ಸು ಯಾರ ಸೈಕಲ್ಲಿಗೋ ಸವರಿದಾಗ ಪ್ರಯಾಣಿಕರಿಗೆ ಹೇಳುವ ದನಿಯಲ್ಲಿ. ಪಕ್ಕದ ಮನೆಯ ಕಾಂಪೌಂಡರನ್ನು ಕರೆಯಬೇಕಾಯಿತು. ಆತ ಹಲ್ಲುಜ್ಜುತ್ತಿದ್ದವನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದು, ಅಪ್ಪನನ್ನು ಚೀಲದಂತೆ ಎತ್ತಿ ಕುರ್ಚಿಯಲ್ಲಿಟ್ಟು, ಬ್ರಷ್ಷು ತೆಗೆದು, "ಸ್ವಲ್ಪ ಮೈ ಬೆಳೆಸ್ರೀ ಸಾಹೇಬ್ರೇ, ಬರೀ ಕಲ್ಲು ತೂಗಿದ್ರೆ ಆಗುತ್ತಾ" ಎಂದು ಹೋದ. ಬಾಗಿಲ ಬಳಿ ನೆಲದ ಮೇಲೆ ಪೇಸ್ಟಿನ ನೊರೆಯ ಒಂದು ಹನಿ ಬಿದ್ದಿತ್ತು. ಅದನ್ನವನು ಬಟ್ಟೆಯಿಂದ ಬಹಳ ಹೊತ್ತು ಒರೆಸಿದ. ಇನ್ನು ಮುಂದೆ ಯಾರನ್ನೂ ಕರೆಯುವುದಿಲ್ಲ, ತಾನೊಬ್ಬನೇ ಎತ್ತುತ್ತೇನೆ ಎಂದು ಆಗಲೇ ತೀರ್ಮಾನಿಸಿದ. ಅದನ್ನು ಪಿತೃಭಕ್ತಿ ಎಂದು ಭಾವಿಸಿದ್ದ.

ಮನೆಯಲ್ಲಿ ತಿನ್ನುವುದೆಂದರೆ ಅದು ಬೇರೆಯೇ ಸರ್ಕಸ್ಸು. ಅವನು ಬೆಳೆಯಬೇಕೆಂದು ಹೊರಟ ವಾರವೇ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿಗೆ ಅಲ್ಲಿಯ ಡಾಕ್ಟರು ಹತ್ತು ಕಿಲೋ ಇಳಿಸಲೇಬೇಕೆಂದು ಹೇಳಿದ್ದರು. ಹೀಗಾಗಿ ಒಂದೇ ಫ್ರಿಜ್ಜಿನಲ್ಲಿ ಎರಡು ಧರ್ಮಗಳು ವಾಸವಾಗಿದ್ದವು: ಮೇಲಿನ ಹಲಗೆಯಲ್ಲಿ ಸೌತೆಕಾಯಿ, ಎಲೆಕೋಸು, ನೀರುಮಜ್ಜಿಗೆ, ಕೆಳಗಿನದರಲ್ಲಿ ಮೊಟ್ಟೆಯ ತಟ್ಟೆ, ಗಟ್ಟಿ ಮೊಸರು, ನೆನೆಹಾಕಿದ ಕಡಲೆಬೀಜ. "ನಿಮ್ಮ ಪುಣ್ಯ ನೋಡ್ರೀ," ಎನ್ನುತ್ತಿದ್ದಳು ಅವಳು, ಸೌತೆಕಾಯಿಯನ್ನು ಶತ್ರುವಿನ ಕೊರಳಿನಂತೆ ಕತ್ತರಿಸುತ್ತ. "ತಿನ್ನಿ ಅಂತ ನೀವು ಫೀಸು ಕೊಟ್ಟು ಬೈಸ್ಕೋತೀರಾ. ತಿನ್ನಬೇಡಿ ಅಂತ ನನಗೆ ಬಿಟ್ಟಿಯಾಗಿ ಬೈತಾರೆ." ಅವಳೆದುರು ಕೂತು ನಾಲ್ಕನೇ ಮೊಟ್ಟೆಯ ಸಿಪ್ಪೆ ಸುಲಿಯುವುದು ಅವನಿಂದ ಆಗದು. ಎರಡಕ್ಕೇ ಎದ್ದುಬಿಡುವನು. ಅವನ ಈ ಸೂಕ್ಷ್ಮತೆಯನ್ನು ಯಾರೂ ಗಮನಿಸದಿದ್ದುದರಿಂದ ಅದರ ಬಗ್ಗೆ ಅವನಿಗೆ ಇನ್ನಷ್ಟು ಹೆಮ್ಮೆಯಾಗುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತರೆ ಇಡೀ ಅಡುಗೆಮನೆ ಎದ್ದು ನಿಂತು ಬಡಿಸುತ್ತಿತ್ತು. ಅನ್ನದ ಗುಡ್ಡವನ್ನು ಕೈಯಿಂದ ಕಡಿದು, ಬೇಳೆ ಸುರಿದು, ಕಣ್ಣುಮುಚ್ಚಿ ಉಣ್ಣುವ ಅಪ್ಪ, ಮಧ್ಯೆ ಒಂದು ಕಣ್ಣು ತೆರೆದು, "ತಿನ್ನೋ, ಗಾಳಿ ಬಂದ್ರೆ ನಿನ್ನ ಹುಡ್ಕೊಂಡು ಮುಂದಿನ ಸ್ಟಾಪಿಗೆ ಹೋಗ್ಬೇಕಾಗುತ್ತೆ" ಎನ್ನುತ್ತಿದ್ದರು. ಅಷ್ಟು ನಾಚಿಕೆಯಿಲ್ಲದೆ ಉಣ್ಣುವವರನ್ನು ಕಂಡರೆ ಅವನಿಗೆ ಭಯವಾಗುತ್ತಿತ್ತು. ಭಯವೋ, ಹೊಟ್ಟೆಕಿಚ್ಚೋ.

"ಆದ್ರೂ ಮೇಡಂ," ಎಂದ ಈಗ, ಯಂತ್ರದಿಂದ ಇಳಿದು ಚಪ್ಪಲಿ ಹುಡುಕುತ್ತ, "ಬಲ ಬಂದಿದೆ. ಮೊದಲು ನಮ್ಮಪ್ಪನ್ನ ಎತ್ತೋಕೆ ಪ್ರಾಣ ಹೋಗ್ತಿತ್ತು. ಈಗ ಹೂವಿನ ಥರ ಎತ್ತಿಬಿಡ್ತೀನಿ." ಇದು ಸುಳ್ಳಲ್ಲ. ಈ ನಾಲ್ಕು ತಿಂಗಳಲ್ಲಿ ಅವನ ಜೀವನದಲ್ಲಿ ನಡೆದ ಏಕೈಕ ಯಶಸ್ಸು ಅದು. ವಾರದಿಂದ ವಾರಕ್ಕೆ ಅಪ್ಪ ಸಲೀಸಾಗುತ್ತ ಬಂದಿದ್ದರು. ಮೊನ್ನೆ ಮೂರು ಎನ್ನುವ ಮೊದಲೇ ಎದ್ದುಬಿಟ್ಟಿದ್ದರು. ಕನ್ನಡಿಯಲ್ಲಿ ತೋಳು ಮಡಚಿ ನೋಡಿಕೊಂಡರೆ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣದಿದ್ದರೂ, ಬಲವೆಂಬುದು ಒಳಗಿನ ವಿಷಯ, ಹೊರಗೆ ತೋರಿಸುತ್ತ ತಿರುಗುವವರು ಕಾಂಪೌಂಡರರು ಎಂದು ಸಮಾಧಾನ ಹೇಳಿಕೊಂಡಿದ್ದ.

ತರಬೇತುಗಾರ್ತಿ ಅವನನ್ನು ಒಂದು ಗಳಿಗೆ ನೋಡಿದಳು. "ನೆಲದಿಂದ ಐವತ್ತು ಎತ್ತೋಕೆ ಇಲ್ಲಿ ನಿಮ್ಮ ಕಾಲು ನಡುಗುತ್ತೆ. ಆರು ವಾರದಿಂದ ಆ ಐವತ್ತು ಐವತ್ತೊಂದಾಗಿಲ್ಲ. ಮನೇಲಿ ಎಂಬತ್ತೆರಡು ಹೂವಾಗುತ್ತಾ?"

"ಅಪ್ಪ ಕಬ್ಬಿಣ ಅಲ್ವಲ್ಲ ಮೇಡಂ."

"ಕಬ್ಬಿಣಕ್ಕೆ ಹಿಡಿಕೆ ಇರುತ್ತೆ ಸರ್. ಮನುಷ್ಯರಿಗಿಲ್ಲ. ಕಬ್ಬಿಣಾನೇ ಸುಲಭ." ಆಮೇಲೆ, ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿ, "ಆ ಎಂಬತ್ತೆರಡು ಯಾವಾಗ ತೂಗಿದ್ದು?" ಎಂದು ಕೇಳಿದಳು. ಅವನು ಉತ್ತರಿಸುವಷ್ಟರಲ್ಲಿ ಯಾರೋ ಕರೆದರೆಂದು ಹೊರಟುಹೋದಳು.

ಕಚೇರಿಯಲ್ಲಿ ಮಧ್ಯಾಹ್ನ ನಾಲ್ಕು ಅಂತಸ್ತಿನ ಊಟದ ಡಬ್ಬಿಯನ್ನು ಬಿಚ್ಚುವಾಗಲೂ ಆ ಪ್ರಶ್ನೆ ಹಲ್ಲಿನ ಸಂದಿಯ ನಾರಿನಂತೆ ಇತ್ತು. ಡಬ್ಬಿ ಈಚೆಗೆ ಮುಚ್ಚಳ ಎತ್ತುವಷ್ಟು ತುಂಬಿರುತ್ತಿತ್ತು. ಎರಡರ ಜಾಗದಲ್ಲಿ ನಾಲ್ಕು ಮೊಟ್ಟೆ, ಗಟ್ಟಿ ಬೇಳೆ, ಒತ್ತಿ ತುಂಬಿದ ಅನ್ನ. ಸೌತೆಕಾಯಿ ತಿಂದು ಬದುಕುವ ಹೆಂಡತಿ ಬಾಯಿಬಿಟ್ಟು ಹೇಳದ ಪ್ರೀತಿಯನ್ನು ಹೀಗೆ ಡಬ್ಬಿಯಲ್ಲಿ ಒತ್ತಿಡುತ್ತಿದ್ದಾಳೆ ಎಂದು ಅವನು ಒಳಗೊಳಗೇ ಕರಗಿದ್ದ, ಕೇಳಿದರೆ ಆ ಪ್ರೀತಿ ನಿಂತುಹೋದೀತೆಂದು ಕೇಳಿರಲಿಲ್ಲ. ಆದರೆ ಅಷ್ಟನ್ನೂ ಸಹೋದ್ಯೋಗಿಗಳ ಎದುರು ತಿನ್ನುವುದು ಹೇಗೆ? ಇಲಾಖೆಯಲ್ಲಿ ಅವನಿಗಿರುವ ಗೌರವ ಒಂದೇ, ಮಿತ ಆಹಾರಿ, ಮಿತ ಭಾಷಿ ಎಂಬುದು. ಆದ್ದರಿಂದ ಅರ್ಧವನ್ನು ಪ್ರತಿದಿನ ಪಕ್ಕದ ಮೇಜಿನ ಮುದ್ರೆ ಗುಮಾಸ್ತನ ತಟ್ಟೆಗೆ ದಾಟಿಸುವನು. ಪಾಸಾದ ತಕ್ಕಡಿಗಳಿಗೆ ಸೀಸದ ಮುದ್ರೆ ಒತ್ತುವ ಆತ ಯಾವುದನ್ನೂ ಬೇಡವೆಂದವನಲ್ಲ. "ಅಕ್ಕಾವ್ರ ಕೈ ದೊಡ್ಡದು ಸರ್," ಎನ್ನುತ್ತ, ಮೊಟ್ಟೆಯನ್ನು ಇಡಿಯಾಗಿ ಬಾಯಿಗಿಟ್ಟು, "ನನ್ನ ಬೆಲ್ಟಿನ ತುದಿಗೆ ಎರಡು ಹೊಸ ತೂತು ಬಿತ್ತು ನೋಡಿ" ಎಂದು ಹೆಮ್ಮೆಯಿಂದ ತೋರಿಸಿದ.

ಊಟದ ನಂತರ ಇಬ್ಬರೂ ಪೇಟೆಯ ಹಳೆಯ ದಿನಸಿ ಅಂಗಡಿಗೆ ಹೋದರು. ಅಲ್ಲಿ ಇನ್ನೂ ಎರಡು ತಟ್ಟೆಯ ತಕ್ಕಡಿ ಇತ್ತು. ಅದನ್ನು ಪರೀಕ್ಷಿಸುವ ವಿಧಾನ ಹೊಸದಾಗಿ ಸೇರಿದವರಿಗೆ ಅವನೇ ಕಲಿಸುವಂಥದ್ದು: ಇಲಾಖೆಯ ಕಲ್ಲನ್ನು ಎಡಕ್ಕೆ, ಅಂಗಡಿಯ ಕಲ್ಲನ್ನು ಬಲಕ್ಕೆ ಇಡು, ಆಮೇಲೆ ಅದಲುಬದಲು ಮಾಡು. ಒಂದು ತಟ್ಟೆ ಮೇಲೆದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಅದು ಹಗುರವಾಯಿತೋ ಇನ್ನೊಂದು ಭಾರವಾಯಿತೋ ಎಂದು ಬದಲಿಸಿ ನೋಡಿದವನಿಗೇ ಗೊತ್ತು, ಒಂದೇ ಕಡೆ ನೋಡಿ ಮುದ್ರೆ ಒತ್ತುವವನು ಕತ್ತೆ. ಈ ಕೊನೆಯ ಮಾತನ್ನು ಅವನು ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದಿದ್ದ. ಅಂಗಡಿಯವನು "ನೋಡ್ಕೊಳ್ಳಿ ಸಾಹೇಬ್ರೇ, ಚಿನ್ನದ ಅಂಗಡೀಲೂ ಇಷ್ಟು ಸರಿ ಇರಲ್ಲ" ಎನ್ನುತ್ತಿದ್ದಾಗ, ಬದಲಾಯಿಸಬೇಕಾದ ಕಲ್ಲು ಕೈಯಲ್ಲಿದ್ದಂತೆಯೇ ಅವನು ನಿಂತುಬಿಟ್ಟ. ಅಪ್ಪನ ಕೈಗಡಿಯಾರ ಮುಂಗೈಯಿಂದ ಮೊಣಕೈವರೆಗೆ ಜಾರಿದ್ದನ್ನು ಯಾವಾಗಲೋ ಕಂಡಿದ್ದ. ತಾತ ಸೊರಗಿದಾರೆ ಕಣಪ್ಪಾ ಎಂದು ಮಗಳು ಎರಡು ಸಲ ಹೇಳಿದ್ದಳು, ಎರಡು ಸಲವೂ ಅವನು ವಯಸ್ಸು ಎಂಬ ಪದವನ್ನು ಮುದ್ರೆಯಂತೆ ಒತ್ತಿ ಕಳಿಸಿದ್ದ. ದಿನಾ ಮೈ ಒರೆಸಿ ಸ್ನಾನ ಮಾಡಿಸುವವನು ತಾನೇ. ಆದರೆ ಅಪ್ಪನ ಬೆತ್ತಲೆಯನ್ನು ನೋಡಲು ನಾಚಿ, ಕೈ ಕೆಲಸ ಮಾಡುತ್ತಿರುವಷ್ಟು ಹೊತ್ತೂ ಬಚ್ಚಲ ಗೋಡೆಯ ಮೂರನೇ ಸಾಲಿನ ಬಿರುಕುಬಿಟ್ಟ ಬಿಳಿ ಟೈಲನ್ನೇ ನೋಡುತ್ತ ಬಂದಿದ್ದ. ಆ ಟೈಲಿನ ಬಿರುಕನ್ನು ಬೇಕಾದರೆ ಕಾಗದದ ಮೇಲೆ ಬಿಡಿಸಿ ತೋರಿಸಬಲ್ಲ. ಅಪ್ಪನ ಎದೆಗೂಡು ಹೇಗಿದೆ ಎಂದರೆ ಗೊತ್ತಿಲ್ಲ.

"ಸರ್, ಕಲ್ಲು," ಎಂದ ಗುಮಾಸ್ತ.

"ಜೀಪಲ್ಲಿ ಸಿಲಿಂಡರ್ ತೂಗೋ ತಕ್ಕಡಿ ಇದೆಯಾ?"

"ಇದೆ ಸರ್. ಯಾವ ಗ್ಯಾಸ್ ಏಜೆನ್ಸಿಗೆ?"

"ಮನೆಗೆ."

ಇಲಾಖೆಯ ಉಪಕರಣವನ್ನು ಸ್ವಂತಕ್ಕೆ ಬಳಸುವುದು ಅಪರಾಧ. ಅದಕ್ಕಾಗಿ ಒಬ್ಬನನ್ನು ಅಮಾನತು ಮಾಡಿಸಿದ ವರದಿಯನ್ನು ಅವನೇ ಬರೆದಿದ್ದ. ಮೂರು ಗಂಟೆಯ ಬಿಸಿಲಿನಲ್ಲಿ ಅವನೂ ಗುಮಾಸ್ತನೂ ಆ ಚಪ್ಪಟೆ ತಕ್ಕಡಿಯನ್ನು ಎರಡು ಕಡೆ ಹಿಡಿದು ಮೆಟ್ಟಿಲು ಹತ್ತಿದಾಗ ಬಾಗಿಲು ತೆರೆದವಳು ಮಗಳು. ಪರೀಕ್ಷೆಗೆ ಓದಲು ಕಾಲೇಜು ರಜೆ ಕೊಟ್ಟಿತ್ತು. ಓದಿನ ಗುರುತಾಗಿ ಕಿವಿಯ ಹಿಂದೆ ಒಂದು ಪೆನ್ಸಿಲಿತ್ತು. "ಏನಪ್ಪಾ, ಮನೆ ಮೇಲೇ ರೈಡಾ?" ಎಂದಳು. ಅಪ್ಪ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ, ಈ ಸೆಕೆಯಲ್ಲೂ ಸ್ವೆಟರು ಹಾಕಿಕೊಂಡು, ರಸ್ತೆಯ ಬಸ್ಸುಗಳ ಗೇರಿನ ಸದ್ದಿಗೆ ಬಲಗೈ ಬೆರಳಾಡಿಸುತ್ತ ಕೂತಿದ್ದರು. ಮಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಗುಮಾಸ್ತನ ಸಹಾಯದಿಂದ ತಕ್ಕಡಿಯ ಮೇಲೆ ಹತ್ತಿಸಿದ.

"ಏನೋ ಇದು? ನನಗೂ ಮುದ್ರೆ ಒತ್ತುತ್ತೀಯಾ?" ಎಂದರು ಅಪ್ಪ. ಬಾಯಿ ಒಂದು ಕಡೆ ಎಳೆದಿದ್ದರಿಂದ ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ಹೇಳುವುದು ಕಷ್ಟ.

ಅಂಕಿ ಸ್ವಲ್ಪ ಹೊಯ್ದಾಡಿ ನಿಂತಿತು. ಎಂಬತ್ತೆರಡು. ಒಂದು ಕ್ಷಣ ಅವನಿಗೆ ಎಷ್ಟು ನಿರಾಳವಾಯಿತೆಂದರೆ, ನಗುತ್ತ ಗುಮಾಸ್ತನ ಕಡೆ ನೋಡಿಬಿಟ್ಟ. ಗುಮಾಸ್ತ ನಗಲಿಲ್ಲ, ವೃತ್ತಿಯ ಮನುಷ್ಯ. "ಸರ್, ಕುರ್ಚಿ ಕಳೀಬೇಕಲ್ವಾ," ಎಂದ.

ಕುರ್ಚಿ ಹದಿನೇಳು. ಅಪ್ಪನನ್ನು ಹಾಸಿಗೆಗೆ ಸಾಗಿಸಿ ಬರಿಯ ಕುರ್ಚಿಯನ್ನು ತೂಗಿದಾಗ ಹದಿನೇಳು ಎಂದು ಕೆಂಪು ಅಂಕಿ ತೋರಿತು. ಹಾಗೆ ಸಾಗಿಸುವಾಗಲೂ ಅಪ್ಪ ಹೂವಿನಂತೆಯೇ ಎದ್ದಿದ್ದರು. ಅರವತ್ತೈದು. ನಾಲ್ಕು ತಿಂಗಳಿಂದ ಅವನ ತೋಳಿಗೆ ಬಂದಿದೆಯೆಂದು ಅವನು ನಂಬಿದ್ದ ಬಲವೆಲ್ಲ, ಗ್ರಾಂ ಬಿಡದೆ, ಅಪ್ಪನ ಮೈಯಿಂದ ಹೋಗಿತ್ತು.

"ಇವರು ಊಟ ಮಾಡ್ತಿಲ್ವಾ?" ಎಂದು ಮಗಳ ಕಡೆ ತಿರುಗಿ, ಅಪರಾಧಿ ಯಾರೆಂದು ಆಗಲೇ ನಿರ್ಧರಿಸಿದ ಅಧಿಕಾರಿಯ ದನಿಯಲ್ಲಿ ಕೇಳಿದ.

ಮಗಳು ತಾತನ ಮುಖ ನೋಡಿದಳು. ತಾತ ಕಿಟಕಿ ನೋಡಿದರು. "ಹೇಳಬೇಡ ಅಂದಿದ್ರು," ಎಂದಳು. "ಬೆಳಿಗ್ಗೆ ಅಮ್ಮ ಇಬ್ಬರಿಗೂ ಅಷ್ಟಷ್ಟೇ ಹಾಕಿಟ್ಟು ಕೆಲಸಕ್ಕೆ ಹೋಗ್ತಾಳಲ್ಲ. ನೀನು ಶೂ ಹಾಕ್ಕೊಳ್ಳೋಷ್ಟರಲ್ಲಿ ತಾತ ತಮ್ಮ ತಟ್ಟೆದು ನಿನ್ನ ಡಬ್ಬಿಗೆ ಹಾಕ್ಬಿಡ್ತಾರೆ. ಒಂದೇ ಕೈಲಿ. ಚೆಲ್ಲೋದೂ ಇಲ್ಲ. ರಾತ್ರಿದೂ ಅರ್ಧ ಎತ್ತಿಡಿಸ್ತಾರೆ, ನಾಳೆ ಅವನಿಗೆ ಹಾಕು ಅಂತ. ನಾನು ಏನೋ ಪ್ರೀತಿ ಅಂದ್ಕೊಂಡೆ. ನೀನು ತಿಂದು ಖಾಲಿ ಮಾಡ್ಕೊಂಡು ಬರ್ತಿದ್ದೆ, ತಾತ ಸಾಯಂಕಾಲ ಡಬ್ಬಿ ಎತ್ತಿ ನೋಡಿ ಖುಷಿ ಪಡ್ತಿದ್ರು."

ಬಾಗಿಲ ಬಳಿ ನಿಂತಿದ್ದ ಮುದ್ರೆ ಗುಮಾಸ್ತ ತನಗರಿವಿಲ್ಲದೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ, ಯಾರದೋ ಸ್ವತ್ತಿನ ಸಮೇತ ಸಿಕ್ಕಿಬಿದ್ದವನ ಹಾಗೆ. "ನಾನು ಜೀಪಲ್ಲಿರ್ತೀನಿ ಸರ್," ಎಂದು ಕೆಳಗಿಳಿದ. ಮೆಟ್ಟಿಲ ಮೇಲೆ ಅವನ ಹೆಜ್ಜೆಗಳು ಭಾರವಾಗಿದ್ದವು. ಮಗಳೂ ಅಡುಗೆಮನೆಗೆ ಹೋದಳು.

ಅಪ್ಪನ ಎದುರು ಕೂರಲು ಬೇರೆ ಜಾಗವಿಲ್ಲದೆ ಅವನು ಖಾಲಿ ಗಾಲಿಕುರ್ಚಿಯಲ್ಲೇ ಕೂತ. ತಕ್ಕಡಿಯ ಮೇಲೇ ಇತ್ತು ಅದು. ಪಕ್ಕದಲ್ಲಿ ಕೆಂಪು ಅಂಕಿ ತನ್ನ ಪಾಡಿಗೆ ಎಪ್ಪತ್ತನಾಲ್ಕೂವರೆಗೆ ಹತ್ತಿರದ ಏನನ್ನೋ ತೋರಿಸತೊಡಗಿತು.

"ಯಾಕಪ್ಪಾ?" ಎಂದ.

"ಮತ್ತೇನು ಮಾಡೋದು? ನೀನೇ ಹೇಳಿದ್ಯಲ್ಲ ಅಕ್ಕನಿಗೆ ಫೋನಲ್ಲಿ. ಅಪ್ಪ ತುಂಬಾ ಭಾರ ಆಗ್ಬಿಟ್ಟಿದಾರೆ, ನನ್ನ ಕೈಲಾಗ್ತಿಲ್ಲ ಅಂತ."

ಹೇಳಿದ್ದ. ಅಪ್ಪ ಬಿದ್ದ ಮಾರನೆಯ ದಿನ, ಒಣಹಾಕಿದ ಬಟ್ಟೆಗಳ ಹಿಂದೆ ನಿಂತು, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು, ದೂರದೂರಿನ ಅಕ್ಕ "ಹೇಗಿದಾರೋ ಅಪ್ಪ" ಎಂದಾಗ ಆ ವಾಕ್ಯವನ್ನು ಹೇಳಿದ್ದ. ಅಕ್ಕ ಆಮೇಲೆ ಮೆಲ್ಲಗೆ, "ಹಾಗನ್ನಬೇಡ ಕಣೋ" ಎಂದಿದ್ದಳು. ತೂಕದ ಮಾತಾಗಿದ್ದರೆ ಅಕ್ಕ ಯಾಕೆ ಹಾಗನ್ನಬೇಕಿತ್ತು? ಅಕ್ಕನಿಗೆ ಕೇಳಿಸಿದ್ದು ಅಪ್ಪನಿಗೂ ಕೇಳಿಸಿದೆ. ಹದಿನಾರು ವಾರ ಈ ಮನುಷ್ಯ ಆ ಮಾತನ್ನು ತಟ್ಟೆಯ ಮುಂದಿಟ್ಟುಕೊಂಡು ಕೂತಿದ್ದಾರೆ, ತುತ್ತು ತುತ್ತಾಗಿ ಕಮ್ಮಿಯಾಗುತ್ತ, ಮಗನಾದ ತನ್ನನ್ನು ಶಿಕ್ಷಿಸುತ್ತ.

"ಅಪ್ಪಾ, ನಾನು ಹೇಳಿದ್ದು ತೂಕದ ಭಾರ. ಆಣೆ. ಕಿಲೋ ಲೆಕ್ಕದ್ದು. ಬೇರೆ ಅರ್ಥದಲ್ಲಿ ಅಲ್ಲ."

"ಹೂಂ, ತೂಕಾನೇ," ಎಂದರು ಅಪ್ಪ. "ಎಂಬತ್ತೆರಡಿದ್ದೆ. ನೀನು ಐವತ್ತೆಂಟು. ಲೋಡು ಜಾಸ್ತಿ ಆದ್ರೆ ಏನು ಮಾಡ್ತಾರೆ? ಇಳಿಸ್ತಾರೆ. ಗಾಡಿ ಸಣ್ಣದಿದೆ ಅಂತ ಗಾಡೀನ ಬೈಯೋಕಾಗುತ್ತಾ? ಆ ಕಡೆ ನಾನು ಇಳೀತೀನಿ, ಈ ಕಡೆ ನೀನು ಸ್ವಲ್ಪ ಮೈ ಹಿಡೀತೀಯ, ಎಲ್ಲೋ ಒಂದು ಕಡೆ ಸರಿಹೋಗುತ್ತೆ ಅಂತ." ಅಷ್ಟು ಹೇಳಿ, ನಿಜಕ್ಕೂ ತಿಳಿಯದೆ, ಕೇಳಿದರು: "ಬೇರೆ ಅರ್ಥ ಯಾವುದು?"

ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಗೇರು ಬದಲಿಸಿತು, ಕೆಟ್ಟದಾಗಿ. ಅಪ್ಪನ ಬೆರಳು ಅದಕ್ಕೆ ಆಡಲಿಲ್ಲ. ಅವರು ಮಗನ ಮುಖವನ್ನು ನೋಡುತ್ತಿದ್ದರು. ಎದುರಿನಿಂದ ಬರುವ ಗಾಡಿ ಯಾವ ಕಡೆ ತಿರುಗುತ್ತದೆಂದು ಮೂವತ್ತೈದು ವರ್ಷ ಊಹಿಸಿದ ಕಣ್ಣುಗಳು. ಆ ಕಣ್ಣುಗಳಲ್ಲಿ ಬಹಳ ನಿಧಾನವಾಗಿ ಒಂದು ತಿಳಿವಳಿಕೆ ಬಂದು ಕೂರುವುದನ್ನು ಅವನು ಕಂಡ. ಇಡೀ ಮನೆಯಲ್ಲಿ, ಫೋನಿನ ಎರಡೂ ತುದಿಯಲ್ಲಿ, ಆ ಪದವನ್ನು ಶುದ್ಧವಾಗಿ, ಕಿಲೋ ಲೆಕ್ಕದಲ್ಲಿ, ಕೇಳಿಸಿಕೊಂಡಿದ್ದವರು ಅಪ್ಪನೊಬ್ಬರೇ. ಕ್ಷಮೆ ಕೇಳಲು ಹೋಗಿ ಅವನು ಈಗ ತಾನೇ ಅದರ ಇನ್ನೊಂದು ಅರ್ಥವನ್ನು ಅವರಿಗೆ ತಲುಪಿಸಿದ್ದ, ಕೈಯಾರೆ.

"ಓ," ಎಂದರು ಅಪ್ಪ. "ಅದಾ."

ಅವನು ಏನಾದರೂ ಹೇಳಬೇಕಿತ್ತು. ಇಲ್ಲ ಎನ್ನಬೇಕಿತ್ತು. ಆದರೆ ಆ ದಿನ ಬಟ್ಟೆಗಳ ಹಿಂದೆ ನಿಂತು ನಿಜಕ್ಕೂ ಯಾವ ಭಾರದ ಮಾತಾಡಿದ್ದೆನೆಂದು ತನ್ನನ್ನೇ ಕೇಳಿಕೊಂಡರೆ, ಎರಡು ಕಡೆಯೂ ಬದಲಿಸಿ ನೋಡಿದರೂ, ಮುಳ್ಳು ನಡುವೆ ನಿಲ್ಲುತ್ತಿರಲಿಲ್ಲ. ಮೌನವನ್ನು ಅವನು ಯಾವಾಗಲೂ ಘನತೆಯೆಂದು ತಿಳಿದಿದ್ದ. ಇಂದು ಅದು ಬರೀ ಮಾತು ಸಿಗದವನ ಮೌನವಾಗಿತ್ತು.

ಅಪ್ಪ ಅಡುಗೆಮನೆಯ ಕಡೆಗೆ ಕೂಗಿದರು: "ಪುಟ್ಟೀ, ತಿನ್ನೋಕೆ ಏನಿದೆಯೇ?" ಆಮೇಲೆ ಮಗನ ಕಡೆ ತಿರುಗಿ, ಎಳೆದ ಬಾಯಲ್ಲೇ, "ತಿಂತೀನಿ. ಇನ್ನೆಷ್ಟು ಭಾರ ಆಗ್ತೀನಿ ನೋಡ್ತಿರು," ಎಂದರು. ಅದು ಕ್ಷಮೆಯೋ ಬೆದರಿಕೆಯೋ ಅವನಿಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಅದಕ್ಕೆ ತಾನು ಅರ್ಹನೇ ಎನಿಸಿತು.

ಮಗಳು ಆರು ಮೊಟ್ಟೆ, ಬೆಳಗಿನ ಬೇಳೆ, ಒಂದು ಪಾತ್ರೆ ಅನ್ನ, ಮೊಸರು ತಂದು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟು, "ಜಿಮ್ಮಿನ ಮೇಡಂಗೆ ಫೋಟೋ ಕಳಿಸ್ಲಾ?" ಎಂದಳು. ಅಪ್ಪ ಮೊಟ್ಟೆಯೊಂದನ್ನು ಎತ್ತಿ, ಅಭ್ಯಾಸಬಲದಿಂದ ಅವನ ಕಡೆಗೆ ಚಾಚಿ, ತಡೆದು, ತಮ್ಮ ಬಾಯಿಗೇ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಎಡದವಡೆ ಕೆಲಸ ಮಾಡದ್ದರಿಂದ ಹಳದಿಯ ಪುಡಿ ಆ ಕಡೆಯ ತುಟಿಯಿಂದ ಉದುರುತ್ತಿತ್ತು. ಅವನು ಗೋಡೆಯ ಕಡೆ ನೋಡಲಿಲ್ಲ. ನೋಡುತ್ತಲೇ ತಾನೂ ಒಂದು ತಿಂದ. ಎರಡನೆಯದು ತಿಂದ. ಮಗಳೆದುರು, ಹಗಲು ಹೊತ್ತಿನಲ್ಲಿ, ಇನ್ನೊಬ್ಬರ ಬಾಯಿ ನೋಡುತ್ತ ಮೂರನೆಯದನ್ನೂ ತಿಂದ. ನಾಚಿಕೆಯೇನೋ ಆಯಿತು. ನಾಚಿಕೆಯಾದರೂ ನುಂಗಬಹುದು ಎಂಬ ಸರಳ ವಿಷಯ ನಲವತ್ತೊಂಬತ್ತು ವರ್ಷ ಯಾರೂ ಅವನಿಗೆ ಹೇಳಿರಲಿಲ್ಲ.

"ಸರಿ, ಕುರ್ಚಿಗೆ ಕೂರ್ಸು," ಎಂದರು ಅಪ್ಪ, ಕೈ ಒರೆಸಿಕೊಂಡು.

ಅವನು ಕುರ್ಚಿಯನ್ನು ತಕ್ಕಡಿಯಿಂದ ಇಳಿಸಿ ಹಾಸಿಗೆಗೆ ಒತ್ತರಿಸಿ, ಕಂಕುಳಡಿ ಕೈಹಾಕಿದ. ಒಂದು, ಎರಡು, ಮೂರು. ಅಪ್ಪ ಏಳಲಿಲ್ಲ. ಮತ್ತೊಮ್ಮೆ ಎಳೆದ, ಹಾಸಿಗೆಯಿಂದ ಒಂದು ಗೇಣು ಎದ್ದರು, ಅಷ್ಟೆ.

"ಇಷ್ಟು ದಿನ ಬಲಗಾಲಲ್ಲಿ ಒತ್ತಿ ನಾನೇ ಅರ್ಧ ಏಳ್ತಿದ್ದೆ," ಎಂದರು ಅಪ್ಪ ಅವನ ಕಿವಿಯ ಪಕ್ಕದಲ್ಲಿ. ಮೊಟ್ಟೆಯ ವಾಸನೆ ಬರುತ್ತಿತ್ತು. "ಇವತ್ತು ಒತ್ತಲ್ಲ."

ಸೊಂಟ ನಡುಗಿತು. ಅಪ್ಪನ ಬಲಗೈ ಅವನ ಕುತ್ತಿಗೆಯನ್ನು ಬಳಸಿತ್ತು, ಗಲ್ಲ ಭುಜಕ್ಕೆ ಒತ್ತಿತ್ತು, ಸ್ವೆಟರಿನ ಕೆಳಗೆ ಪಕ್ಕೆಲುಬುಗಳು ಒಂದೊಂದಾಗಿ ಅವನ ಕೈಗೆ ಎಣಿಸಲು ಸಿಕ್ಕವು. ಹೊರಗಿನಿಂದ ನೋಡಿದವರು ಅಪ್ಪ ಮಗ ಅಪ್ಪಿಕೊಂಡಿದ್ದಾರೆ ಎಂದುಕೊಳ್ಳಬೇಕು, ಹಾಗೆ, ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಿಂತರು. ಬಿಟ್ಟರೆ ಬೀಳುತ್ತಾರೆ. ಎತ್ತಲು ಆಗದು. ತುಟಿ ಕಚ್ಚಿಕೊಂಡು ಇನ್ನೆರಡು ಉಸಿರು ತಡೆದ. ಕಣ್ಣಿಗೆ ಬೆವರು ಇಳಿಯಿತು. ಆಮೇಲೆ, ತನ್ನದೆಂದು ಗುರುತು ಸಿಗದ ಸಣ್ಣ ದನಿಯಲ್ಲಿ, ಕೂಗಿದ:

"ಯಾರಾದ್ರೂ ಬನ್ರೇ ಸ್ವಲ್ಪ."

ಅಡುಗೆಮನೆಯಲ್ಲಿ ಉಣ್ಣಲು ಕೂತಿದ್ದ ಮಗಳು ಓಡಿಬಂದು, ಬಾಯಿತುಂಬ ಅನ್ನವಿದ್ದಂತೆಯೇ ತಾತನ ಎಡಗಂಕುಳಿಗೆ ಭುಜ ಕೊಟ್ಟಳು. ಮೂವರೂ ಅರ್ಧ ಸುತ್ತು ತಿರುಗಿದರು. ಅಪ್ಪ ಕುರ್ಚಿಯಲ್ಲಿದ್ದರು. ಎರಡು ಸೆಕೆಂಡಿನ ಕೆಲಸ.

ಮಗಳು ಅನ್ನ ನುಂಗಿ, ಕಿವಿಯ ಹಿಂದಿನ ಪೆನ್ಸಿಲು ಸರಿಮಾಡಿಕೊಂಡು ಹೇಳಿದಳು: "ಮೊದಲೇ ಕರೆದಿದ್ರೆ, ಇಷ್ಟೆಲ್ಲ ತಿನ್ನೋದಾದ್ರೂ ತಪ್ತಿತ್ತಲ್ಲಪ್ಪಾ ನಿನಗೆ."

"ತಪ್ಪೋದು ಬೇಡ," ಎಂದರು ಅಪ್ಪ, ಉಳಿದ ಮೊಟ್ಟೆಗಾಗಿ ಸ್ಟೂಲಿನ ಕಡೆ ಕೈಚಾಚುತ್ತ. "ತಿನ್ಲಿ."